ಗೋಡೆಯಾಚೆಯ ಹೆಪ್ಪು

ಈ ಊರಿಗೆ ವಸಂತ ಬರುವುದಿಲ್ಲ. ಮಲೇಷ್ಯಾದ ಈ ಮೆಲಾಕಾಕ್ಕೆ ಬಂದ ಹೊಸದರಲ್ಲಿ ನಾನು ಅದನ್ನು ಹುಡುಕುತ್ತಿದ್ದೆ. ನಮ್ಮೂರಿನಲ್ಲಿ ಫಾಲ್ಗುಣ ಕಳೆಯುವ ಹೊತ್ತಿಗೆ ಹೊಂಗೆ ಮರ ಬೋಳಾಗಿ, ಒಂದು ಬೆಳಗ್ಗೆ ಎದ್ದು ನೋಡಿದರೆ ಎಣ್ಣೆ ಹಚ್ಚಿದಂಥ ಎಳೆಹಸಿರನ್ನು ಮೈತುಂಬ ಹೊದ್ದು ನಿಂತಿರುತ್ತಿತ್ತು. ಯುಗಾದಿ ಬಂತೆಂದು ಕ್ಯಾಲೆಂಡರ್ ಹೇಳಬೇಕಾಗಿರಲಿಲ್ಲ. ಇಲ್ಲಿ ಹಾಗಲ್ಲ. ಒಂದೇ ಮರದಲ್ಲಿ ಹಣ್ಣೆಲೆ, ಹೂವು, ಚಿಗುರು ಎಲ್ಲವೂ ಒಟ್ಟಿಗೆ ಇರುತ್ತವೆ. ಮಧ್ಯಾಹ್ನ ಮಳೆ, ಸಂಜೆ ಸೆಕೆ, ಮತ್ತೆ ಮಳೆ. ಅಡುಗೆಮನೆಯ ಕಿಟಕಿಯ ಬಳಿ ನಿಂತರೆ ವರ್ಷವಿಡೀ ಒಂದೇ ದಿನವನ್ನು ನೋಡುತ್ತಿದ್ದೇನೆ ಎನಿಸುತ್ತದೆ, ನಿದ್ದೆಯಲ್ಲಿ ಕಂಡ ಊರಿನ ಹಾಗೆ.

"ತಾನಾಗೇ ಬರದಿದ್ರೆ ನಾವೇ ಮಾಡ್ಕೋಬೇಕು ಕಣೆ," ಎಂದಿದ್ದರು ನಿಮ್ಮ ತಾತ. ಹಾಗೆ ಅವರು ಮಾಡಿಕೊಂಡ ವಸಂತವೇ ಹಿತ್ತಿಲಿನ ಮೀನುಕೊಳವನ್ನು ಯುಗಾದಿಗೆ ಅಣಿಮಾಡುವುದು.

ಮಕ್ಕಳೇ, ಈ ವರ್ಷದ ಯುಗಾದಿಯ ಹಿಂದಿನ ದಿನ ನೀವು ಶಾಲೆಗೆ ಹೋಗಿದ್ದಾಗ ಮನೆಯಲ್ಲಿ ಏನು ನಡೆಯಿತು ಎಂದು ನೀವು ಎಷ್ಟೋ ಸಲ ಕೇಳಿದ್ದೀರಿ. ನಾನು ನಕ್ಕು ಒಳಗೆ ಹೋಗುತ್ತಿದ್ದೆ. ನಾಲ್ಕು ಜನರ ಎದುರು ಬಾಯಿಬಿಟ್ಟು ಹೇಳುವುದು ನನಗೆ ಮೊದಲಿನಿಂದಲೂ ಕಷ್ಟ. ಊರ ಶಾಲೆಯಲ್ಲಿ ಏಳನೆಯ ಕ್ಲಾಸಿನವರೆಗೆ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ. ಅದರಲ್ಲೇ ಬರೆಯುತ್ತೇನೆ. ನಿಮಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ. ನಿಮ್ಮ ಅಮ್ಮ ಓದಿ ಹೇಳಲಿ. ಅವಳಿಗೂ ಇದರಲ್ಲಿ ಅರ್ಧ ಗೊತ್ತಿಲ್ಲ.

ಕೊಳ ನಿಮ್ಮ ತಾತ ತೋಡಿದ್ದಲ್ಲ. ನಿಮ್ಮ ಅಪ್ಪ ಅಮ್ಮ ಈ ಮನೆ ಕೊಂಡಾಗಲೇ ಅದು ಹಿತ್ತಿಲಿನಲ್ಲಿ, ಬಟ್ಟೆ ಒಣಹಾಕುವ ತಂತಿಗೂ ಪಕ್ಕದ ಮನೆಯ ಗೋಡೆಗೂ ನಡುವೆ, ಬಿರುಕು ಬಿಟ್ಟು ಒಣಗಿ ಬಿದ್ದಿತ್ತು. ಎರಡು ಮಂಚ ಜೋಡಿಸಿದಷ್ಟು ಅಗಲ, ನನ್ನ ಸೊಂಟದಷ್ಟು ಆಳ. ತಾತನ ಅಪ್ಪ ನಮ್ಮೂರ ಕೆರೆಯ ನೀರಗಂಟಿ. ತೂಬು ತೆಗೆದು ಗದ್ದೆಗಳಿಗೆ ನೀರು ಹಂಚುವುದು ಅವರ ಕೆಲಸ. ತಾತ ಪೋಸ್ಟಾಫೀಸು ಸೇರಿ ಅಲ್ಲೇ ನಿವೃತ್ತರಾದರೂ ನೀರು ಕಂಡರೆ ಸುಮ್ಮನೆ ಹಾದುಹೋಗುವವರಲ್ಲ. ಇಲ್ಲಿಗೆ ಬಂದ ವಾರದಲ್ಲೇ ಬಿರುಕಿಗೆ ಸಿಮೆಂಟು ಮೆತ್ತಿ, ನೀರು ತುಂಬಿ, ಬೆರಳುದ್ದದ ಒಂದು ಕೋಯಿ ಮೀನು ತಂದು ಬಿಟ್ಟರು. ಮೈಯೆಲ್ಲ ಬಿಳಿ, ಬೆನ್ನ ಮೇಲೆ ಮಾವಿನ ಹೋಳು ಅಂಟಿಸಿದಂಥ ಒಂದು ಕಿತ್ತಳೆ ಗುರುತು. ಅದು ಬೆಳೆದು ನನ್ನ ಮೊಣಕೈಯುದ್ದ ಆಯಿತು. ಊರ ಪಟೇಲರು ಪಂಚೆಯ ಚುಂಗು ಹಿಡಿದು ನಡೆದಂತೆ ಅವಸರವಿಲ್ಲದೆ ಓಡಾಡುತ್ತಿತ್ತು. ತಾತ ಬೆಳಗ್ಗೆ ಕಾಫಿ ಲೋಟ ಹಿಡಿದು ಹಿತ್ತಿಲಿಗೆ ಹೋಗಿ, "ಪಟೇಲ್ರು ಎದ್ದ್ರಾ? ಊರಲ್ಲೇನು ಸಮಾಚಾರ?" ಎಂದು ಕೇಳುತ್ತಿದ್ದರು. ಹಾಗಾಗಿ ಮನೆಯವರಿಗೆಲ್ಲ ಅದು ಪಟೇಲರೇ ಆಯಿತು.

ಗೋಡೆಯಾಚೆ ನೀವು ಪೊಪೊ ಎಂದು ಕರೆಯುವ ಚೀನೀ ಅಜ್ಜಿಯ ಮನೆ. ಅವರ ಹೊಸವರ್ಷಕ್ಕೆ ಗೋಡೆಯ ಮೇಲಿಂದ ಎರಡು ಕಿತ್ತಳೆ ಹಣ್ಣು ಬರುತ್ತಿದ್ದವು. ನಮ್ಮ ಯುಗಾದಿಗೆ ಗೋಡೆಯ ಮೇಲಿಂದ ಹೋಳಿಗೆ ಹೋಗುತ್ತಿತ್ತು. ಗೋಡೆ ಎತ್ತರವೆಂದು ತಾತ ಕೆಳಗೆ ಇಟ್ಟಿಗೆಗಳನ್ನು ಮೆಟ್ಟಿಲಿನಂತೆ ಜೋಡಿಸಿಕೊಂಡಿದ್ದರು. ಕೊಳ ತೊಳೆದ ದಿನ ಆ ಮೆಟ್ಟಿಲು ಹತ್ತಿ ಒಂದು ಬಕೆಟ್ಟನ್ನೂ ಆಚೆ ದಾಟಿಸುತ್ತಿದ್ದರು. ಹೋಳಿಗೆ ತಟ್ಟಿದವಳು ನಾನು, ಕೊಟ್ಟು ಬರುತ್ತಿದ್ದವರು ಅವರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಪೊಪೊ ನನ್ನ ಕಡೆ ಕೈಬೀಸಿದರೆ ಕಿಟಕಿಯ ಪರದೆಯ ಹಿಂದೆ ಸರಿಯುತ್ತಿದ್ದೆ. ಅವರ ಭಾಷೆ ನನಗೆ ಬಾರದು, ನನ್ನದು ಅವರಿಗೆ ಬಾರದು. ತಾತನಿಗೂ ಬರುತ್ತಿರಲಿಲ್ಲ, ಆದರೆ ಅವರಿಗೆ ಅದು ಅಡ್ಡಿಯಾಗುತ್ತಿರಲಿಲ್ಲ.

ತಾತ ಹೋದ ಮೇಲಿನ ಮೊದಲ ಯುಗಾದಿಗೆ ನಮ್ಮ ಮನೆಯಲ್ಲಿ ಹಬ್ಬವಿರಲಿಲ್ಲ. ಕೊಳವನ್ನು ಯಾರೂ ಮುಟ್ಟಲಿಲ್ಲ. ನೀರು ಮೊದಲು ತಿಳಿಹಸಿರಾಯಿತು, ಆಮೇಲೆ ಕಡುಹಸಿರು, ಆಮೇಲೆ ಬೆಳಕೂ ಇಳಿಯದಂಥ ಹಸಿರು. ಬೇರೆ ಮೀನುಗಳು ಇರಲಿಲ್ಲ. ಇದ್ದ ಒಂದೂ ಕಾಣದಾಯಿತು. ನೀವು ಬ್ರೆಡ್ಡಿನ ಚೂರು ಎಸೆದರೆ ಅದು ನೆನೆದು ತಾನಾಗಿ ಮುಳುಗುತ್ತಿತ್ತು.

ಹೀಗಿರುವಾಗ ನಮ್ಮ ಬೀದಿಯಲ್ಲಿ ಡೆಂಗ್ಯೂ ಬಂತು. ಮೂಲೆಮನೆಯ ಮಗುವನ್ನು ಆಸ್ಪತ್ರೆಗೆ ಸೇರಿಸಿದರು. ಹೊಗೆಯ ಮೆಷಿನ್ ಹಿಡಿದವರು ಬಂದು ಎಲ್ಲರ ಹಿತ್ತಿಲಿಗೂ ಹೊಗೆ ಬಿಟ್ಟುಹೋದರು. ನಿಮ್ಮ ಅಮ್ಮ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುವವಳು. ಅವಳ ಹೆದರಿಕೆ ಸುಳ್ಳಲ್ಲ. ಅವತ್ತು ರಾತ್ರಿ ಊಟಕ್ಕೆ ಕೂತಾಗ ಹೇಳಿದಳು.

"ಅಮ್ಮಾ, ಆ ಪಾಂಡ್ ಮುಚ್ಚಿಸಿಬಿಡೋಣ ಅಂತ. ಒಂದು ಲೋಡ್ ಮಣ್ಣು ಸಾಕು. ಮೇಲೆ ಟೈಲ್ಸ್ ಹಾಕಿಸಿದ್ರೆ ಸಂಜೆ ಕೂತ್ಕೋಬಹುದು. ನಿಂಗೆ ಬೇಜಾರಾಗಲ್ಲ ಅಲ್ವಾ?"

"ನಿಮ್ಮಿಷ್ಟ," ಎಂದೆ. ಹುಟ್ಟಿದಾಗಿನಿಂದ ನಾನು ಹೇಳುತ್ತ ಬಂದ ಮಾತು ಅದೇ. ತವರಿನಲ್ಲಿ, ಅತ್ತೆಮನೆಯಲ್ಲಿ, ವಿಮಾನ ಹತ್ತುವಾಗ ಎಲ್ಲ ಕಡೆಯೂ ಅದೇ. ಆದರೆ ಅನ್ನಕ್ಕೆ ಮಜ್ಜಿಗೆ ಬಡಿಸುತ್ತಿದ್ದಂತೆ ಇನ್ನೊಂದು ಮಾತು ತಾನಾಗಿ ಹೊರಬಿತ್ತು. "ಅದ್ರೊಳಗೆ ಪಟೇಲ್ರಿದ್ರೆ?"

ಎಲ್ಲರೂ ತಟ್ಟೆಯಿಂದ ತಲೆಯೆತ್ತಿದರು.

"ಅಜ್ಜಿ, ಹೀ ಈಸ್ ಡೆಡ್ ಲಾ," ಎಂದ ನಿಮ್ಮಲ್ಲಿ ಚಿಕ್ಕವನು.

"ಯುವರ್ ಬ್ರೇನ್ ಈಸ್ ಡೆಡ್," ಎಂದಳು ಅವನ ಅಕ್ಕ.

"ಇಬ್ರೂ ಬಾಯ್ಮುಚ್ಕೊಂಡು ಊಟ ಮಾಡಿ," ಎಂದು ಗದರಿ ನಿಮ್ಮ ಅಮ್ಮ ನನ್ನ ಕಡೆ ನೋಡಿದಳು. "ಸರಿ ಅಮ್ಮಾ. ಯುಗಾದಿಗೆ ಮುಂಚೆ ಭಾನುವಾರ ನೀರು ತೆಗೆದು ನೋಡೋಣ. ಮೀನಿದ್ರೆ ಪಾಂಡ್ ಇರ್ಲಿ, ಮೀನಿದ್ದ ಕಡೆ ಸೊಳ್ಳೆ ಮರಿ ಉಳಿಯಲ್ಲ. ಇಲ್ಲ ಅಂದ್ರೆ ಮಣ್ಣಿನ ಲಾರಿಗೆ ಹೇಳಿಬಿಡ್ತೀನಿ. ಆಯ್ತಾ?"

ಆಯಿತು ಎಂದೆ. ಅಂದಿನಿಂದ ಭಾನುವಾರದವರೆಗೆ ನಾನು ಸಂಜೆ ಹೊತ್ತು ಕೊಳದ ಕಟ್ಟೆಯ ಮೇಲೆ ಕೂರುತ್ತಿದ್ದೆ. ದೂರದ ಮಸೀದಿಯ ಬಾಂಗು ತೇಲಿಬರುತ್ತಿತ್ತು. ಹಸಿರು ನೀರಿನಲ್ಲಿ ಮೋಡ ಇರುತ್ತಿರಲಿಲ್ಲ, ನನ್ನ ಮುಖವೂ ಇರುತ್ತಿರಲಿಲ್ಲ. ಒಮ್ಮೊಮ್ಮೆ ಒಂದು ಗುಳ್ಳೆ ಎದ್ದು ಒಡೆಯುತ್ತಿತ್ತು. ಅದು ಕೆಸರಿನ ಗುಳ್ಳೆಯೂ ಇರಬಹುದು. ನನಗೆ ಅದು ಯಾರೋ ಒಳಮನೆಯಿಂದ "ಇದ್ದೀನಿ" ಎಂದಂತೆ ಕೇಳುತ್ತಿತ್ತು.

ಭಾನುವಾರ ನಿಮ್ಮ ಅಪ್ಪ ಪ್ಯಾಂಟು ಮಡಿಸಿ ಪೈಪು ಇಳಿಬಿಟ್ಟರು. ಹುಬ್ಬಳ್ಳಿಯವರ ಮಾತು ಇಲ್ಲಿ ಇಷ್ಟು ವರ್ಷವಿದ್ದರೂ ಸವೆದಿಲ್ಲ.

"ಅತ್ತೀ, ನೀವ್ ದೂರ ನಿಂದರ್ರಿ, ಜಾರ್ತೈತಿ. ಅಬಬಬಾ, ಏನ್ ನಾತಾ ಹೊಡಿಯಾಕತ್ತೈತಿ ಮಾರಾಯಾ!"

"ಮೂಗು ಮುಚ್ಕೊಳ್ರೀ, ಬಾಯಿ ಮುಚ್ಕೊಳ್ರೀ, ಕೆಲ್ಸ ಮಾಡ್ರೀ," ಎಂದು ನಿಮ್ಮ ಅಮ್ಮ ಅವರದೇ ರಾಗದಲ್ಲಿ ಅಣಕಿಸಿದಳು.

ನೀರು ಪೈಪಿನಲ್ಲಿ ಇಳಿದು, ನೀವು ಲಾಂಗ್‌ಕಾಂಗ್ ಎನ್ನುವ ಬೀದಿ ಚರಂಡಿಗೆ ಗಳಗಳನೆ ಹೋಗುತ್ತಿತ್ತು. ಕೊಳದ ಗೋಡೆಯ ಮೇಲೆ ಹಸಿರು ಪಾಚಿ ಮಖಮಲ್ಲಿನ ಹಾಗೆ ಒಂದೊಂದೇ ಗೇಣು ಹೊರಬಂತು. ಒಂದು ಚೆಂಡು ಸಿಕ್ಕಿತು. ಬಟ್ಟೆಗೆ ಹಾಕುವ ಕ್ಲಿಪ್ಪುಗಳು ಸಿಕ್ಕವು. ತಾತ ಮೀನಿಗೆ ಕಾಳು ಹಾಕುತ್ತಿದ್ದ ಸ್ಟೀಲಿನ ಚಮಚ ಸಿಕ್ಕಿತು. ಅದನ್ನು ನಾನು ಸೆರಗಿನಲ್ಲಿ ಒರೆಸಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ನೀರು ಮೊಣಕಾಲಿಗೆ ಬಂತು, ಮೀನಖಂಡಕ್ಕೆ ಬಂತು, ಇನ್ನೇನು ಕೆಸರೇ ಉಳಿಯಿತು ಎನ್ನುವಾಗ ನಿಮ್ಮ ಅಮ್ಮ ಮೆಲ್ಲಗೆ ನನ್ನ ಹೆಗಲ ಮೇಲೆ ಕೈಯಿಟ್ಟಳು. ಆ ಕೈ ಏನು ಹೇಳುತ್ತಿದೆ ಎಂದು ನನಗೆ ತಿಳಿಯಿತು.

ಆಗ ಕೆಸರು ಅಲುಗಿತು.

ಮೂಲೆಯಲ್ಲಿ, ಒಂದು ಹಲಗೆಯ ಅಡಿಯಿಂದ ಮಣ್ಣೇ ಎದ್ದು ನಡೆದಂತೆ ಏನೋ ಹೊರಟಿತು. ಬಾಲವೊಂದು ಫಟ್ಟೆಂದು ಬಡಿದು ನಿಮ್ಮ ಅಪ್ಪನ ಮುಖವೆಲ್ಲ ಕೆಸರಾಯಿತು. ನೀವಿಬ್ಬರೂ ಕಿರುಚಿದ್ದು ಬೀದಿಗೇ ಕೇಳಿಸಿರಬೇಕು. ಬಿಳಿಯ ಮೈ ಕಂದಾಗಿತ್ತು, ಸೊರಗಿತ್ತು. ಆದರೆ ಬೆನ್ನ ಮೇಲಿನ ಮಾವಿನ ಹೋಳು ಹಾಗೇ ಇತ್ತು.

"ಪಟೇಲ್ರಿಗೆ ಟಬ್ ತಗೊಂಡ್ ಬರ್ರಿ!" ಎಂದು ನಿಮ್ಮ ಅಪ್ಪ ಕೂಗಿದರು. ನಿಮ್ಮ ಹಳೆಯ ಸ್ನಾನದ ಟಬ್ಬಿಗೆ ಅಲ್ಲೇ ಉಳಿದಿದ್ದ ರಾಡಿ ನೀರನ್ನು ತುಂಬಿ ಮೀನನ್ನು ಇಳಿಸಿದೆವು.

ಅಲ್ಲಿಂದ ಮುಂದೆ ನಮಗೆಲ್ಲ ಏನು ಹಿಡಿಯಿತೋ. ಮೀನು ಸಿಕ್ಕ ಸಂತೋಷ ಒಂದು. ಯುಗಾದಿಯ ಕೈ ಇನ್ನೊಂದು. ಯುಗಾದಿ ಹತ್ತಿರ ಬಂದರೆ ನಮ್ಮ ಕಡೆಯ ಹೆಂಗಸರ ಕೈಗೆ ಒಂದು ಹುಚ್ಚು ಬರುತ್ತದೆ. ಅಟ್ಟದ ಪಾತ್ರೆ ಇಳಿಸು, ಹೊಸ್ತಿಲು ಉಜ್ಜು, ಗೋಡೆಗೆ ಸುಣ್ಣ ಬಳಿ. ಅರ್ಧ ತೊಳೆದು ಬಿಡುವುದು ನಮಗೆ ಗೊತ್ತಿಲ್ಲ. ನಾನು ಸೀರೆ ಎತ್ತಿಕಟ್ಟಿ ತೆಂಗಿನ ನಾರು ಹಿಡಿದು ಇಳಿದೇಬಿಟ್ಟೆ. ನಿಮ್ಮ ಅಮ್ಮನಿಗೂ ಅದೇ ಕೈ. ನೀವು ಬ್ರಷ್ಷು ಹಿಡಿದಿರಿ. ಕೆಸರನ್ನು ಕರಿಬೇವಿನ ಬುಡಕ್ಕೂ ಬಾಳೆಯ ಬುಡಕ್ಕೂ ಹಾಕಿದೆವು. ಪಾಚಿಯನ್ನು ಉಗುರಿನಲ್ಲಿ ಕೆರೆದು ಕೆರೆದು ತೆಗೆದೆವು. ಒಳಗೆ ಆಕಾಶನೀಲಿ ಟೈಲ್ಸ್ ಇದ್ದದ್ದು ನನಗೆ ಮರೆತೇಹೋಗಿತ್ತು. ನಲ್ಲಿ ತಿರುಗಿಸಿ ಹೊಸ ನೀರು ಬಿಟ್ಟಾಗ ಕೊಳ ಮದುವೆಮನೆಯ ಹಂಡೆಯಂತೆ ಫಳಫಳ ಹೊಳೆಯಿತು.

"ಲೈಕ್ ಸ್ವಿಮ್ಮಿಂಗ್ ಪೂಲ್!" ಎಂದಿರಿ ನೀವು. ನನಗೂ ಹೆಮ್ಮೆಯೇ ಆಯಿತು.

ಸಂಜೆ ನಿಮ್ಮ ಅಪ್ಪ ಮಾಮಕ್ ಹೋಟೆಲಿನಿಂದ ಎಲ್ಲರಿಗೂ ಪರೋಟದಂಥ ರೋಟಿ ಕಾನಾಯ್ ಕಟ್ಟಿಸಿಕೊಂಡು ಬರಲು ಹೋದವರು, ಹಾಗೇ ಮೀನಿನ ಅಂಗಡಿಗೂ ಹೋಗಿ ನಲ್ಲಿನೀರಿನ ಕ್ಲೋರಿನ್ ತೆಗೆಯುವ ಔಷಧಿ ತಂದರು. ಮುಖ ಸಪ್ಪಗಿತ್ತು.

"ಅತ್ತೀ, ಅಂಗಡಿಯಾಂವ ಕೇಳಿದಾ, ಹಳೇ ನೀರು ಎಷ್ಟು ಇಟ್ಕೊಂಡೀರಿ ಅಂತ. ಟಬ್ಬಿನಾಗಿನ ನಾರೋ ರಾಡಿ ಬಿಟ್ರ ಒಂದ್ ಹನೀನೂ ಇಲ್ಲ ಅಂದ್ನಿ, ಅದು ಬರಂಗಿಲ್ಲಂತ. ತಲೀ ಮ್ಯಾಲೆ ಕೈ ಇಟ್ಕೊಂಡಾ. ಔಷಧಿ ಹಾಕಿದ್ರೂ ಅಷ್ಟು ಹೊಸಾ ನೀರಿಗೆ ಒಮ್ಮಿಂದೊಮ್ಮೆ ಬಿಟ್ರ ಮೀನು ತಾಳಂಗಿಲ್ಲಂತ. ಬರೇ ನೀರಂತ ಅದು, ಅದ್ರಾಗ ಜೀವಾ ಇಲ್ಲಂತ."

"ಅಯ್ಯೋ, ಹೌದಲ್ವಾ! ಒಳ್ಳೇ ಬ್ಯಾಕ್ಟೀರಿಯಾ ಎಲ್ಲಾ ಉಜ್ಜಿ ತೆಗೆದ್ಬಿಟ್ವಿ," ಎಂದು ನಿಮ್ಮ ಅಮ್ಮ ಕಟ್ಟೆಯ ಮೇಲೆ ಕುಸಿದಳು. ಕೈಯಲ್ಲಿ ಇನ್ನೂ ನಾರು ಇತ್ತು.

ಆಗ ನನಗೆ ನೆನಪಾಯಿತು. ತಾತ ಕೊಳ ಖಾಲಿ ಮಾಡುವ ಮೊದಲು ಒಂದು ಬಕೆಟ್ ಹಳೆಯ ನೀರು ತೆಗೆದು ನೆರಳಿನಲ್ಲಿ ಮುಚ್ಚಿಡುತ್ತಿದ್ದರು. ಗೋಡೆಯನ್ನು ಒಂದು ಮಗ್ಗುಲು ಮಾತ್ರ ಉಜ್ಜುತ್ತಿದ್ದರು. ಸೋಮಾರಿತನ ಎಂದು ನಾನು ಕಿಟಕಿಯಿಂದಲೇ ಗೊಣಗುತ್ತಿದ್ದೆ. ಹೊಸ ನೀರು ತುಂಬಿದ ಮೇಲೆ ಮುಚ್ಚಿಟ್ಟ ನೀರನ್ನು ಮೆಲ್ಲಗೆ ಸುರಿದು, "ಹೆಪ್ಪು ಹಾಕಿದೀನಿ, ಯಾರೂ ಅಲ್ಲಾಡಿಸ್ಬೇಡಿ!" ಎನ್ನುತ್ತಿದ್ದರು. ನಾನು ಅದನ್ನು ತಮಾಷೆ ಎಂದುಕೊಂಡಿದ್ದೆ. ಹಾಲಿಗೆ ಒಂದು ಚಮಚ ಹಳೆಯ ಮೊಸರು ಬೀಳದಿದ್ದರೆ ಎಷ್ಟು ಒಳ್ಳೆಯ ಹಾಲಾದರೂ ಮೊಸರಾಗದು. ಇದನ್ನು ದಿನವೂ ಕೈಯಾರೆ ಮಾಡುವ ನಾನು, ಕೊಳದ ಮೊಸರನ್ನೆಲ್ಲ ಚರಂಡಿಗೆ ಸುರಿದು ಪಾತ್ರೆ ಬೆಳಗಿಟ್ಟಿದ್ದೆ.

ಮರುದಿನ ಬೆಳಗ್ಗೆ ನೀವು ಯೂನಿಫಾರ್ಮ್ ಹಾಕಿಕೊಂಡು ಟಬ್ಬಿನ ಬಳಿ ಬಂದಾಗ ಪಟೇಲರು ಬಾಯಿ ಮೇಲೆ ಮಾಡಿಕೊಂಡು ಗಾಳಿ ನುಂಗುತ್ತಿದ್ದರು. ಟಬ್ಬಿನ ರಾಡಿಯಲ್ಲಿ ಇರಲಾರರು, ಔಷಧಿ ಹಾಕಿದ್ದರೂ ಕೊಳದ ಬರಿನೀರಿಗೆ ಹೋಗಲಾರರು. ನೀವು ಹಿಂತಿರುಗಿ ನೋಡುತ್ತ ವ್ಯಾನು ಹತ್ತಿದಿರಿ. ನಿಮ್ಮ ಅಮ್ಮ ಹೊರಡುವಾಗ ಚಪ್ಪಲಿ ಮೆಟ್ಟಿಕೊಳ್ಳುತ್ತ, "ಸಂಜೆವರೆಗೂ ತಡ್ಕೊಂಡ್ರೆ ಅರ್ಧ ಅರ್ಧ ನೀರು ಬೆರೆಸಿ ನೋಡೋಣ. ಇಲ್ಲಾಂದ್ರೆ... ಮಕ್ಕಳಿಗೆ ನಾನೇ ಹೇಳ್ತೀನಿ, ನೀನೇನೂ ಹೇಳ್ಬೇಡ," ಎಂದಳು.

ಮನೆ ಖಾಲಿಯಾಯಿತು. ಟಬ್ಬಿಗೆ ಬಿಸಿಲು ಬೀಳದಂತೆ ಕೊಡೆ ಬಿಚ್ಚಿಟ್ಟು ಪಕ್ಕದಲ್ಲಿ ಕೂತೆ. ಆ ಹೊತ್ತಿನಲ್ಲಿ ಇಲ್ಲಿ ಒಂದು ಎಲೆಯೂ ಅಲುಗುವುದಿಲ್ಲ. ಮೀನು ಬಾಯಿ ತೆರೆಯುವ ಪಚಪಚ ಸದ್ದು ಮಾತ್ರ. ರಾತ್ರಿ ನಿದ್ದೆ ಬಂದಿರಲಿಲ್ಲ, ಕಣ್ಣು ಎಳೆಯಿತು. ಎಚ್ಚರವೋ ಜೊಂಪೋ ತಿಳಿಯದ ಆ ನಡುವಿನಲ್ಲಿ ನಾನು ನಮ್ಮೂರಿನಲ್ಲಿದ್ದೆ.

ಮದುವೆಯಾಗಿ ಬಂದ ಹೊಸದು. ಮನೆಯ ಮೊಸರೆಲ್ಲ ನೆಂಟರಿಗೆ ಮುಗಿದುಹೋಗಿ ಹೆಪ್ಪಿಗೂ ಉಳಿದಿಲ್ಲ. ಅತ್ತೆ ನನ್ನ ಕೈಗೆ ಪುಟ್ಟ ಹಿತ್ತಾಳೆ ಬಟ್ಟಲು ಕೊಟ್ಟು, "ದೀಪ ಹಚ್ಚೋ ಹೊತ್ತಾದ್ರೆ ಯಾರೂ ಕೊಡಲ್ಲ, ಬೇಗ ಹೋಗ್ಬಾ" ಎಂದು ಆಚೆಮನೆಗೆ ಕಳಿಸಿದ್ದಾರೆ. ಬಟ್ಟಲನ್ನು ಸೆರಗಿನೊಳಗೆ ಇಟ್ಟುಕೊಂಡು ಹೋದ ನಾನು ಆ ಬಾಗಿಲಲ್ಲಿ ನಿಂತೇ ಇದ್ದೇನೆ. ಬಾಯಿ ಬರುತ್ತಿಲ್ಲ. ಹಿಂದೆ ಕೆರೆಯ ಏರಿಯ ಮೇಲೆ ಸಂಜೆಯ ಬೆಳಕು, ದನ ಬರುವ ಧೂಳು, ಎಲ್ಲವೂ ನೀರಿನೊಳಗಿಂದ ನೋಡಿದಂತೆ ತೂಗುತ್ತಿದೆ. ಒಳಗಿನಿಂದ ಬಂದ ಹೆಂಗಸು ನನ್ನ ಮುಖ ನೋಡಲಿಲ್ಲ, ಸೆರಗಿನಿಂದ ಇಣುಕುತ್ತಿದ್ದ ಬಟ್ಟಲು ನೋಡಿದಳು. "ಹೆಪ್ಪಿಗಾ? ಅದಕ್ಯಾಕವ್ವಾ ಇಷ್ಟೊಂದು ನಾಚ್ಕೆ, ಕೊಡು ಇತ್ಲಾಗೆ," ಎಂದು ನಕ್ಕಳು.

ಆ ನಗುವಿಗೆ ಕಣ್ಣು ಬಿಟ್ಟೆ. ಎದುರಿಗೆ ಗೋಡೆ. ಗೋಡೆಯ ಕೆಳಗೆ ತಾತನ ಇಟ್ಟಿಗೆಯ ಮೆಟ್ಟಿಲು. ಗೋಡೆಯ ಮೇಲೆ ಆಚೆಯಿಂದ ತಲೆಯೆತ್ತಿದ ಒಂದು ತಾವರೆ ಎಲೆ, ಅದರ ಪಕ್ಕದಲ್ಲಿ ಗುಲಾಬಿ ಬಣ್ಣದ ಮೊಗ್ಗು.

ಬಕೆಟ್. ತಾತ ಪ್ರತಿ ಯುಗಾದಿಗೂ ಆಚೆ ದಾಟಿಸುತ್ತಿದ್ದ ಆ ಬಕೆಟ್. ಪೊಪೊನ ತಾವರೆಗೆಂದು ಕೊಡುತ್ತಿದ್ದುದು ನಮ್ಮ ಕೊಳದ ಹಳೆಯ ನೀರನ್ನಲ್ಲವೇ.

ಹೇಗೆ ಎದ್ದೆನೋ ಗೊತ್ತಿಲ್ಲ. ಅಡುಗೆಮನೆಯಲ್ಲಿ ಮರುದಿನದ ಹೋಳಿಗೆಗೆ ಹೂರಣ ರುಬ್ಬಿಟ್ಟಿದ್ದೆ. ಕೇಳಲು ಹೋಗುವಾಗ ಬರಿಗೈಯಲ್ಲಿ ಹೋಗಬಾರದೆಂದು ಒಂದು ಬಟ್ಟಲು ಹೂರಣ ತೆಗೆದುಕೊಂಡೆ. ಇನ್ನೊಂದು ಕೈಯಲ್ಲಿ ಖಾಲಿ ಬಕೆಟ್. ಈ ವರ್ಷ ಅವರ ಹೊಸವರ್ಷಕ್ಕೆ ಗೋಡೆಯ ಮೇಲೆ ಎರಡು ಕಿತ್ತಳೆ ಹಣ್ಣು ಬಂದು ಕೂತಿದ್ದವು. ತೆಗೆದುಕೊಂಡು ತಿಂದೆವು, ಒಂದು ಮಾತು ಆಚೆ ಹೋಗಿರಲಿಲ್ಲ. ಅದೂ ಆಗ ನೆನಪಾಯಿತು.

ನಮ್ಮ ಗೇಟು ದಾಟಿ ಒಬ್ಬಳೇ ಎಡಕ್ಕೆ ತಿರುಗಿದ್ದು ಅದೇ ಮೊದಲು. ಪೊಪೊನ ಬಾಗಿಲಿಗೆ ಕೆಂಪು ಕಾಗದದ ಮೇಲೆ ಬಂಗಾರದ ಅಕ್ಷರ ಅಂಟಿಸಿತ್ತು. ಕರೆಗಂಟೆ ಎಲ್ಲಿದೆಯೆಂದು ಕಂಡರೂ ಒತ್ತಲಾಗಲಿಲ್ಲ. ಹಾಗೇ ನಿಂತೆ, ಬಟ್ಟಲು ಹಿಡಿದು ಆ ಬಾಗಿಲಲ್ಲಿ ನಿಂತಿದ್ದ ಹುಡುಗಿಯಂತೆಯೇ. ಈಗ ತಲೆ ಮಾತ್ರ ಬೆಳ್ಳಗಾಗಿತ್ತು. ವಾಪಸು ಹೋಗಿಬಿಡೋಣ ಎಂದುಕೊಂಡೆ. ಆಗ ಆ ಪಚಪಚ ಸದ್ದು ಕಿವಿಯಲ್ಲಿ ಕೇಳಿದಂತಾಯಿತು. ಅಷ್ಟು ದೂರಕ್ಕೆ ಅದು ಕೇಳುವುದಿಲ್ಲ, ನನಗೆ ಗೊತ್ತು. ಬಕೆಟ್ಟಿನ ಹಿಡಿಯನ್ನು ಗೇಟಿನ ಕಂಬಿಗೆ ತಾಗಿಸಿದೆ. ಟಣ್ ಎಂದಿತು.

ಹೂವಿನ ಪೈಜಾಮ ತೊಟ್ಟ ಪೊಪೊ ಹೊರಬಂದರು. ನನ್ನನ್ನು ನೋಡಿದರು, ಬಕೆಟ್ ನೋಡಿದರು. ನನಗೆ ಗೊತ್ತಿದ್ದದ್ದು ಸಂತೆಯಲ್ಲಿ ಕಲಿತ ಎರಡು ಮಲಯ ಮಾತು.

"ಇಕಾನ್," ಎಂದೆ. ಮೀನು. ಆಮೇಲೆ "ಆಯೆರ್." ನೀರು. ಅವರ ಮನೆಯ ಹಿತ್ತಿಲ ಕಡೆ ಕೈ ತೋರಿಸಿದೆ. ಅಲ್ಲಿಗೆ ನನ್ನ ಮಾತು ಮುಗಿಯಿತು.

ಪೊಪೊ ಹುಬ್ಬೇರಿಸಿದರು. "ಅಂಕಲ್ ಪುನ್ಯ ಇಕಾನ್?" ಎಂದರು. ಅಂಕಲ್‌ನ ಮೀನಾ ಎಂದು. ಅಂಕಲ್ ಎಂದಾಗ ಗೋಡೆಯ ಎತ್ತರದಲ್ಲಿ ಕೈಯಾಡಿಸಿದರು, ಅಲ್ಲಿ ಕಾಣುತ್ತಿದ್ದ ತಲೆಯನ್ನು ತೋರಿಸುವಂತೆ. ಆಮೇಲೆ ಅಂಗೈಯನ್ನು ಮೀನಿನಂತೆ ಆಡಿಸಿ, "ಹಿದೂಪ್ ಲಾಗಿ?" ಎಂದರು. ಪದ ಗೊತ್ತಿಲ್ಲದಿದ್ದರೂ ಅದು ಇನ್ನೂ ಬದುಕಿದೆಯೇ ಎಂಬ ಪ್ರಶ್ನೆಯೆಂದು ಅವರ ಕಣ್ಣಿನಲ್ಲಿ ತಿಳಿಯಿತು. ನಾನು ಹೌದೆಂದು ತಲೆಯಾಡಿಸಿದೆ. ಆಮೇಲೆ ಬಾಯಿ ಮೇಲೆ ಮಾಡಿ ಗಾಳಿ ನುಂಗಿ ತೋರಿಸಿದೆ. ನನ್ನ ಆಯುಸ್ಸಿನಲ್ಲಿ ನಾನು ಯಾರ ಮುಂದೆಯೂ ಅಂಥ ಮುಖ ಮಾಡಿದವಳಲ್ಲ.

"ಅಯ್ಯೋ!" ಎಂದರು ಪೊಪೊ. ಆ ಮಾತು ಇಲ್ಲಿ ಎಲ್ಲರಿಗೂ ಇದೆ. ನನ್ನ ಮಣಿಕಟ್ಟು ಹಿಡಿದು ಎಳೆದುಕೊಂಡೇ ಹಿತ್ತಿಲಿಗೆ ಹೋದರು.

ಕಂದುಬಣ್ಣದ ದೊಡ್ಡ ಜಾಡಿ ಅದು, ಮೈಮೇಲೆ ಸುತ್ತಿಕೊಂಡ ಸರ್ಪದಂಥ ಚಿತ್ರ. ತಾವರೆಯ ಎಲೆ ಸರಿಸಿ ತೋರಿಸಿದರು. ಒಳಗೆ ನೀರು ಚಹದ ಬಣ್ಣಕ್ಕಿತ್ತು, ಆದರೆ ತಿಳಿ. ಅಕ್ಕಿಕಾಳಿನಂಥ ಮೀನುಗಳು ಓಡಾಡುತ್ತಿದ್ದವು. ಜಾಡಿಯ ತಳದಲ್ಲಿ ಕಪ್ಪು ಗೋಡುಮಣ್ಣು ಹಾಯಾಗಿ ಕೂತಿತ್ತು. ಪೊಪೊ ಗೋಡೆ ತೋರಿಸಿದರು, ಜಾಡಿ ತೋರಿಸಿದರು. "ಅಂಕಲ್. ಎವ್ರಿ ಇಯರ್," ಎಂದರು. ಆಮೇಲೆ ಆಕಾಶ ತೋರಿಸಿ ಬೆರಳುಗಳಿಂದ ಮಳೆ ಸುರಿಸಿದರು. ತಾತ ಕೊಟ್ಟ ನೀರು, ಮೇಲೆ ಬಿದ್ದ ಮಳೆ, ಬೇರೆ ಏನೂ ಅದಕ್ಕೆ ಬಿದ್ದಿಲ್ಲ ಎಂದು ನಾನು ತಿಳಿದುಕೊಂಡೆ. ನಾನು ಜಾಡಿಯೊಳಗೆ ಬೆರಳು ಅದ್ದಿದೆ. ತಣ್ಣಗಿತ್ತು. ಸ್ವಲ್ಪ ಹೊತ್ತು ತೆಗೆಯಲಿಲ್ಲ.

ಬಕೆಟ್ ತುಂಬಿದ ಮೇಲೆ ಹೊತ್ತು ಗೇಟು ಸುತ್ತಿಬರುವುದು ನನ್ನಿಂದಾಗದೆಂದು ಇಬ್ಬರಿಗೂ ಗೊತ್ತಾಯಿತು. ಪೊಪೊ ಗೋಡೆಯ ಕಡೆ ಗದ್ದ ಅಲ್ಲಾಡಿಸಿದರು. ನಾನು ನಮ್ಮ ಹಿತ್ತಿಲಿಗೆ ಬಂದು ಇಟ್ಟಿಗೆಯ ಮೆಟ್ಟಿಲು ಹತ್ತಿದೆ. ಆ ಇಟ್ಟಿಗೆಗಳು ತಾತನ ಪಾದಕ್ಕೆ ತಕ್ಕಂತೆ ನಡುವೆ ಸವೆದಿದ್ದವು. ಆಚೆ ಪೊಪೊ ಸ್ಟೂಲು ಹತ್ತಿದ ಸದ್ದು ಕೇಳಿತು. ಗೋಡೆಯ ಮೇಲೆ ಮೊದಲು ಎರಡು ಕೈ ಬಂದವು, ಆಮೇಲೆ ಬಕೆಟ್, ಆಮೇಲೆ ನಗುವ ಮುಖ. ಒಯ್ದು ಕೊಳದ ಅಂಚಿನಿಂದ ಮೆಲ್ಲಗೆ ಸುರಿದೆ. ಕಂದು ನೀರು ನೀಲಿಯ ಮೇಲೆ ಹೊಗೆಯಂತೆ ಹರಡಿ, ಸುಳಿದು, ಇಳಿಯಿತು. ಖಾಲಿ ಬಕೆಟ್ ಆಚೆ ಕೊಟ್ಟೆ. ಮತ್ತೆ ತುಂಬಿ ಬಂತು. ಸಾಕು ಎಂದು ಕೈಯಾಡಿಸಿದರೂ ಪೊಪೊ ಬಿಡಲಿಲ್ಲ. ತಳದ ಗೋಡನ್ನೂ ಒಂದು ಡಬ್ಬಿಯಲ್ಲಿ ಹಾಕಿ ಕೊಟ್ಟರು. ಅದನ್ನು ಮೂಲೆಯಲ್ಲಿ ಇಳಿಬಿಟ್ಟೆ. "ಅಲ್ಲಾಡಿಸ್ಬೇಡಿ," ಎಂದು ನನ್ನಷ್ಟಕ್ಕೆ ಹೇಳಿಕೊಂಡೆ.

ಬಿಸಿಲು ಬಾಳೆಯ ಎಲೆಯಿಂದ ಜಾರಿ ಗೋಡೆಗೆ ಬಂತು. ಟಬ್ಬಿಗೂ ಕೊಳದ ನೀರನ್ನು ಚೊಂಬು ಚೊಂಬಾಗಿ ಬೆರೆಸುತ್ತ ಬಂದೆ, ಮೀನಿನ ಮೈಗೆ ಹೊಸದು ಸ್ವಲ್ಪ ಸ್ವಲ್ಪವೇ ಅಭ್ಯಾಸವಾಗಲಿ ಎಂದು. ಅಷ್ಟರಲ್ಲಿ ಪೊಪೊ ತಾವೇ ಗೇಟು ಸುತ್ತಿ ಬಂದಿದ್ದರು. ಅಷ್ಟು ದೊಡ್ಡ ಮೀನನ್ನು ಕೈಯಲ್ಲಿ ಎತ್ತುವುದು ಹೇಗೆ? ನಾನು ಒಳಗೆ ಹೋಗಿ ಬೀರು ತೆಗೆದೆ. ತಾತನ ಒಂದು ಹಳೆಯ ಪಂಚೆ ಇತ್ತು, ತೊಳೆದೂ ತೊಳೆದೂ ಮೆತ್ತಗಾದದ್ದು. ಅದನ್ನು ನೆನೆಸಿ, ಒಂದು ತುದಿ ಅವರು ಒಂದು ತುದಿ ನಾನು ಹಿಡಿದು, ತೊಟ್ಟಿಲ ಮಗುವನ್ನು ಎತ್ತುವಂತೆ ಪಟೇಲರನ್ನು ಎತ್ತಿದೆವು. ನಡುದಾರಿಯಲ್ಲಿ ಬಾಲ ಬಡಿದರು. ನೀರು ನಮ್ಮಿಬ್ಬರ ಮುಖಕ್ಕೂ ರಾಚಿತು. "ಅಯ್ಯೋ!" ಎಂದೆ ನಾನು. "ಅಯ್ಯೋ!" ಎಂದರು ಪೊಪೊ. ಒಂದೇ ಉಸಿರಿನಲ್ಲಿ ಬಂದ ಆ ಮಾತಿಗೆ ಇಬ್ಬರಿಗೂ ನಗು ತಡೆಯಲಾಗದೆ ಪಂಚೆಯೇ ಕೈಜಾರುವುದರಲ್ಲಿತ್ತು.

ಪಂಚೆ ಕೊಳದೊಳಗೆ ಇಳಿದು ಬಿಚ್ಚಿಕೊಂಡಿತು. ಪಟೇಲರು ನೇರ ತಳಕ್ಕೆ ಹೋಗಿ ಮೂಲೆಯಲ್ಲಿ ಕೂತುಬಿಟ್ಟರು. ಅಲುಗಲಿಲ್ಲ. ನಮ್ಮ ನಗು ನಿಂತಿತು.

ಕಟ್ಟೆಯ ಮೇಲೆ ಅಕ್ಕಪಕ್ಕ ಕೂತೆವು. ನಾನು ಅವರ ಮನೆಗೆ ಒಯ್ದಿದ್ದ ಹೂರಣದ ಬಟ್ಟಲನ್ನು ಪೊಪೊ ತಮ್ಮೊಂದಿಗೆ ತಂದಿದ್ದರು. ನಡುವೆ ಇಟ್ಟುಕೊಂಡು ಬೆರಳಿನಲ್ಲೇ ತೆಗೆದು ತಿಂದೆವು. ಹಬ್ಬಕ್ಕೆ ಮುಂಚೆ, ದೇವರಿಗೆ ಇಡುವ ಮುಂಚೆ. ನಮ್ಮತ್ತೆ ಇದ್ದಿದ್ದರೆ ಏನು ಹೇಳುತ್ತಿದ್ದರೋ. ನೀರು ನೋಡುತ್ತ ನೋಡುತ್ತ ನನಗೆ ಮತ್ತೆ ಜೊಂಪು ಹತ್ತಿದಂತಾಯಿತು. ಕಂದು ಬಣ್ಣ ಕೊಳದ ತುಂಬ ಕರಗಿ, ನೀಲಿ ಟೈಲ್ಸಿನ ಹೊಳಪು ಕುಂದಿ, ಕೊಳ ಮೊದಲಿನಂತೆ ಕಾಣತೊಡಗಿತ್ತು. ಅದರಲ್ಲಿ ಒಂದು ಮೋಡ ಬಂತು. ನನ್ನ ಮುಖವೂ ಪೊಪೊನ ಮುಖವೂ ಬಂದವು. ಆ ಎರಡು ಮುಖಗಳ ನಡುವೆ, ಕೆಳಗಿನಿಂದ, ಮಾವಿನ ಹೋಳೊಂದು ಮೆಲ್ಲಗೆ ತೇಲಿಬಂತು. ಪಟೇಲರು ಪಂಚೆಯ ಚುಂಗು ಹಿಡಿದವರಂತೆ ಕೊಳವನ್ನು ಒಂದು ಸುತ್ತು ಹಾಕಿದರು. ಬಾಯಿ ಮುಚ್ಚಿತ್ತು. ಗಾಳಿಗೆ ಮೇಲೆ ಬರಲೇ ಇಲ್ಲ.

ಪೊಪೊ ನನ್ನ ತೊಡೆಯ ಮೇಲೆ ಒಂದು ಏಟು ಹಾಕಿದರು, ಹಳೆಯ ಗೆಳತಿಯರು ಹಾಕುವಂತೆ. ಎದ್ದು, ಬೆರಳು ನೆಕ್ಕಿಕೊಂಡು, ಮನೆಗೆ ಹೋದರು. ಆಮೇಲೆ ನಿಮ್ಮ ವ್ಯಾನು ಬಂತು. ನೀವು ಬ್ಯಾಗು ಎಸೆದು ಓಡಿದಿರಿ. "ಅಜ್ಜಿ, ಹೌ? ಹೌ?" ಎಂದು ಸೆರಗು ಹಿಡಿದು ಜಗ್ಗಿದಿರಿ. ನಾನು ನಕ್ಕು ಒಳಗೆ ಹೋದೆ.

ಸಂಜೆ ನಿಮ್ಮ ಅಮ್ಮ ಬಹಳ ಹೊತ್ತು ಕೊಳದ ಬಳಿ ನಿಂತಿದ್ದಳು. ತಂತಿಯ ಮೇಲೆ ಒಣಗುತ್ತಿದ್ದ ತಾತನ ಪಂಚೆ ನೋಡಿದಳು, ಒದ್ದೆಯಾಗಿದ್ದ ಇಟ್ಟಿಗೆ ನೋಡಿದಳು.

"ಅಮ್ಮಾ, ಹಳೇ ನೀರು ಎಲ್ಲಿಂದ ಬಂತು?"

"ಆಚೆಮನೇಲಿ ಹೆಪ್ಪು ಕೇಳ್ಕೊಂಡು ಬಂದೆ."

"ನೀನಾ? ನೀನೇ ಹೋಗಿದ್ಯಾ?" ಎಂದು ನನ್ನ ಮುಖವನ್ನೇ ನೋಡಿದಳು. ಆಮೇಲೆ ಮಣ್ಣಿನ ಲಾರಿಯ ಮಾತು ಯಾರೂ ಎತ್ತಲಿಲ್ಲ.

ಯುಗಾದಿಯ ದಿನ ಹೋಳಿಗೆಯನ್ನು ಗೋಡೆಯ ಮೇಲಿಂದ ನಾನೇ ಕೊಟ್ಟೆ. ಪಕ್ಕದಲ್ಲಿ ಚಿಟಿಕೆ ಬೇವುಬೆಲ್ಲವನ್ನೂ ಇಟ್ಟಿದ್ದೆ. ಆಚೆಯಿಂದ ಬೇವಿನ ಕಹಿಗೆ ಪೊಪೊ ಬೈದದ್ದು ಕೇಳಿಸಿತು. ಬೈಗುಳ ಯಾವ ಭಾಷೆಯದಾದರೂ ತಿಳಿಯುತ್ತದೆ.

ನಿಮಗೆ ನಾನು ಹೇಳಬೇಕಾದದ್ದು ಇಷ್ಟೇ. ಮುಂದೆ ನೀವು ಈ ಕೊಳ ತೊಳೆಯುವಾಗ ಮೊದಲು ಒಂದು ಬಕೆಟ್ ನೀರು ತೆಗೆದು ನೆರಳಿನಲ್ಲಿ ಮುಚ್ಚಿಡಿ. ಇನ್ನೊಂದು ಬಕೆಟ್ ಆಚೆಮನೆಯ ತಾವರೆಗೆ ದಾಟಿಸಿ. ಇಬ್ಬರಲ್ಲಿ ಯಾರು ಉದ್ದ ಬೆಳೆದಿರುತ್ತೀರೋ ಅವರು ಇಟ್ಟಿಗೆ ಹತ್ತಿ. ಹಬ್ಬದ ಸಡಗರದಲ್ಲಿ ಎಲ್ಲವನ್ನೂ ತೊಳೆದುಬಿಟ್ಟರೆ ಹೆದರಬೇಡಿ, ಆಚೆಮನೆಗೆ ಹೋಗಿ. ದೀಪ ಹಚ್ಚುವ ಮುಂಚೆ ಹೋಗಿ. ಮಾತು ಬಾರದಿದ್ದರೂ ಪರವಾಗಿಲ್ಲ, ಬಕೆಟ್ ಹಿಡಿದು ಬಾಗಿಲಲ್ಲಿ ನಿಂತರೆ ಸಾಕು.